ಮನೆಗೊಂದು ಸಣ್ಣ ಕತ್ತಿ

ಮಳೆಗಾಲ ಹತ್ತಿರ ಬಂದಂತೆ ನಮ್ಮ ಬೆಳೆಗಾರ ಬಂಧುಗಳು ಮೈಲುತುತ್ತು ತರುತ್ತಾರೆ, ಸುಣ್ಣ ತರುತ್ತಾರೆ, ಸಿಂಪಡಿಸುವ ಪಂಪಿನ ವಾಷರು ಬದಲಾಯಿಸುತ್ತಾರೆ. ಅಲ್ಲಿಗೆ ಸಿದ್ಧತೆ ಮುಗಿಯಿತೆಂದು ತಿಳಿಯುತ್ತಾರೆ. ಆ ಸಾಮಾನಿನ ಚೀಟಿಯ ಕೊನೆಯಲ್ಲಿ ಇನ್ನೊಂದು ಹೆಸರೂ ಸೇರಬೇಕೆಂಬುದು ನಮ್ಮ ಅಭಿಪ್ರಾಯ. ಅದು ಒಂದು ಸಣ್ಣ ಕಬ್ಬಿಣದ ಕತ್ತಿ. ಇಷ್ಟು ಚಿಕ್ಕ ವಸ್ತುವಿಗೆ ಪತ್ರಿಕೆಯ ಒಂದು ಪುಟ ಬೇಕೇ ಎಂದು ಕೆಲವರು ನಗಬಹುದು. ನಗುವ ಮೊದಲು ದಯವಿಟ್ಟು ಕೊನೆಯವರೆಗೆ ಓದಬೇಕು.

ನಮ್ಮ ಮನೆಗಳಲ್ಲಿ ಕತ್ತಿಗಳಿಗೇನೂ ಬರವಿಲ್ಲ. ಗಿಡಗಂಟಿ ಸವರಲು ದೊಡ್ಡ ಕತ್ತಿ, ಅಡಿಕೆ ಸುಲಿಯಲು ಮೆಟ್ಟುಗತ್ತಿ, ಹುಲ್ಲಿಗೆ ಕುಡುಗೋಲು, ತರಕಾರಿಗೆ ಈಳಿಗೆಮಣೆ, ಎಲೆಯಡಿಕೆಯ ತಟ್ಟೆಯಲ್ಲಿ ಅಡಕತ್ತರಿ ಇದ್ದೇ ಇವೆ. ನಾವು ಹೇಳುತ್ತಿರುವುದು ಇವು ಯಾವುದನ್ನೂ ಅಲ್ಲ. ಕರಾವಳಿಯವರು ಪೀಶಕತ್ತಿ ಎನ್ನುವ, ಬೇರೆ ಕಡೆ ಚೂರಿ ಎಂದೋ ಸಣ್ಣ ಕತ್ತಿ ಎಂದೋ ಕರೆಯುವ, ನಾಲ್ಕು ಅಂಗುಲ ಅಲಗಿನ, ಮಡಚಲು ಬಾರದ ಕತ್ತಿ. ಅಲಗಿನ ಬುಡ ಹಿಡಿಯೊಳಗೆ ಇಳಿದು ಅಲುಗಾಡದಂತೆ ಕೂತಿರಬೇಕು. ಪೇಟೆಯಲ್ಲಿ ಸಿಗುವ ಮಡಚುವ ಚಾಕು ಜೇಬಿಗೆ ಚೆಂದ. ಆದರೆ ಅದರ ಕೀಲಿಗೆ ಹಲಸಿನ ಮೇಣವೋ ತೋಟದ ಕೆಸರೋ ಸೇರಿದರೆ ತೆರೆಯಲು ಬರುವುದಿಲ್ಲ. ಕೀಲು ಸಡಿಲವಾದರೆ ಒತ್ತಿ ಕೊಯ್ಯುವಾಗ ನಮ್ಮ ಬೆರಳಿನ ಮೇಲೆಯೇ ಮುಚ್ಚಿಕೊಳ್ಳುತ್ತದೆ.

ಇಂಥ ಕತ್ತಿಗೆ ಮನೆಯಲ್ಲಿ ಏನು ಕೆಲಸ? ಬೆಳಗಿನಿಂದ ಲೆಕ್ಕ ಹಾಕೋಣ. ಊಟಕ್ಕೆ ಬಾಳೆಎಲೆ ಕೊಯ್ಯುವುದು, ಶುಂಠಿಯ ಸಿಪ್ಪೆ ಹೆರೆಯುವುದು, ಹಲಸಿನ ತೊಳೆ ಬಿಡಿಸುವುದು, ಗೊಬ್ಬರದ ಚೀಲದ ಹೊಲಿಗೆ ಬಿಚ್ಚುವುದು, ಬಾಳೆಯ ಹಗ್ಗ ಸೀಳುವುದು, ಅಡಿಕೆ ಹಾಳೆಯನ್ನು ಅಂಚು ನೋಡಿ ಕತ್ತರಿಸುವುದು, ದನದ ಕೊರಳಿಗೆ ಸಿಕ್ಕಿಕೊಂಡ ಹಗ್ಗವನ್ನು ಒಂದೇ ಎಳೆತಕ್ಕೆ ಕೊಯ್ಯುವುದು. ತೋಟಕ್ಕೆ ಇಳಿದರೆ ಕಾಳುಮೆಣಸಿನ ಹಬ್ಬು ಬಳ್ಳಿಯನ್ನು ಗೆಣ್ಣು ಎಣಿಸಿ ತುಂಡು ಮಾಡಲು, ಬುಡದ ಚಿಗುರು ತೆಗೆಯಲು ಇದೇ ಬೇಕು. ಇವುಗಳಲ್ಲಿ ಒಂದೂ ದೊಡ್ಡ ಕೆಲಸವಲ್ಲ, ನಿಜ. ಆದರೆ ಪ್ರತಿಯೊಂದಕ್ಕೂ ದೊಡ್ಡ ಕತ್ತಿ ಹುಡುಕಿಕೊಂಡು ಕೊಟ್ಟಿಗೆಗೆ ಓಡುವವರನ್ನು, ಹಲ್ಲಿನಲ್ಲಿ ದಾರ ಕಚ್ಚುವವರನ್ನು ನಾವು ದಿನಾ ನೋಡುತ್ತೇವೆ.

ಇನ್ನು ಮುಖ್ಯ ಮಾತು. ಈ ಕತ್ತಿ ಫಸಲನ್ನೂ ಕಾಯುತ್ತದೆ.

ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗದ ಅಧ್ಯಯನವನ್ನು 1910ರಲ್ಲಿ ಪ್ರಕಟಿಸಿದರು. ಅಂದಿನಿಂದ ಇಂದಿನವರೆಗೆ ಈ ರೋಗಕ್ಕೆ ನಾವು ನಂಬಿರುವುದು ಬೋರ್ಡೋ ದ್ರಾವಣವನ್ನೇ. ಶೇಕಡ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಕಾಫಿಯ ಎಲೆತುಕ್ಕಿಗೆ ಶೇಕಡ ಅರ್ಧದ ದ್ರಾವಣ ಸಾಕು. ಈ ಲೆಕ್ಕ ಎಲ್ಲರಿಗೂ ಬಾಯಿಪಾಠ. ಆದರೆ ಸುಣ್ಣ ಎಲ್ಲ ವರ್ಷವೂ ಒಂದೇ ಗುಣದ್ದಾಗಿರುವುದಿಲ್ಲ. ಗಾಳಿಗೆ ಅರಳಿ ಹಳತಾದ ಸುಣ್ಣಕ್ಕೆ ಶಕ್ತಿ ಕಡಿಮೆ. ಆಗ ತೂಕ ಸರಿಯಿದ್ದರೂ ದ್ರಾವಣದಲ್ಲಿ ತಾಮ್ರ ಬಿಡಿಯಾಗಿ ಉಳಿಯುತ್ತದೆ. ಅದನ್ನು ಸಿಂಪಡಿಸಿದರೆ ಎಳೆಯ ಕಾಯಿ, ಎಳೆಯ ಎಲೆ ಸುಡುತ್ತವೆ.

ಇದನ್ನು ತಿಳಿಯಲು ಹಿರಿಯರು ಕಂಡುಕೊಂಡ ಉಪಾಯ ಕತ್ತಿಯೇ. ಹೊಳೆಯುವಂತೆ ತಿಕ್ಕಿದ ಕಬ್ಬಿಣದ ಅಲಗನ್ನು ದ್ರಾವಣದಲ್ಲಿ ಒಂದು ನಿಮಿಷ ಅದ್ದಿ ತೆಗೆಯಬೇಕು. ಅಲಗು ಇದ್ದ ಹಾಗೆಯೇ ಇದ್ದರೆ ದ್ರಾವಣ ಸರಿ. ಕೆಂಪಗೆ ತಾಮ್ರದ ಬಣ್ಣ ಕೂತರೆ ಸುಣ್ಣ ಸಾಲದು. ಇನ್ನಷ್ಟು ಸುಣ್ಣದ ತಿಳಿ ಬೆರೆಸಿ ಮತ್ತೆ ನೋಡಬೇಕು.

ಇದನ್ನು ನಾವು ಬೇರೆಯವರ ಮಾತು ಕೇಳಿ ಬರೆಯುತ್ತಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ತೋಟದಲ್ಲೇ ನಡೆದದ್ದು. ಮಳೆ ಒಂದು ದಿನ ಬಿಡುವು ಕೊಟ್ಟಿತ್ತು. ಮರ ಹತ್ತುವವರು ಬಂದು ನಿಂತಿದ್ದರು. ಅವಸರದಲ್ಲಿ ಅಡುಗೆಮನೆಯಿಂದ ಥಳಥಳಿಸುವ ಸ್ಟೀಲಿನ ಚಾಕು ತಂದು ಅದ್ದಿದೆವು. ಬಣ್ಣ ಬದಲಾಗಲಿಲ್ಲ. ಸರಿಯಿದೆ ಎಂದು ಸಿಂಪಡಣೆ ಮಾಡಿಸಿದೆವು. ವಾರದೊಳಗೆ ಎಳೆಕಾಯಿಗಳ ಮೇಲೆ ಕಂದು ಕಲೆ ಕಾಣಿಸಿತು, ಬುಡದಲ್ಲಿ ಉದುರು ಬಿತ್ತು. ತುಕ್ಕು ಹಿಡಿಯದ ಸ್ಟೀಲಿನ ಮೇಲೆ ತಾಮ್ರವೂ ಸುಲಭವಾಗಿ ಕೂರುವುದಿಲ್ಲ ಎಂಬ ಸಣ್ಣ ಸಂಗತಿ ನಮಗೆ ಆಗ ಹೊಳೆದಿರಲಿಲ್ಲ. ಉಳಿದಿದ್ದ ದ್ರಾವಣಕ್ಕೆ ಅಜ್ಜನ ಕಾಲದ ಪೀಶಕತ್ತಿಯನ್ನು ಅದ್ದಿ ನೋಡಿದಾಗ ಅದು ಕೆಂಪಾಗಿ ಮೇಲೆ ಬಂತು. ಆ ಕತ್ತಿ ಅಷ್ಟು ದಿನವೂ ಜಂತಿಯ ಸಂದಿಯಲ್ಲೇ ಇತ್ತು. ಆ ವರ್ಷದ ನಷ್ಟದಲ್ಲಿ ಅಂಥ ಕತ್ತಿಗಳನ್ನು ಬುಟ್ಟಿ ತುಂಬ ಕೊಳ್ಳಬಹುದಿತ್ತು.

ಲಿಟ್ಮಸ್ ಕಾಗದ ಸಿಗುತ್ತದಲ್ಲ ಎಂದು ಕಿರಿಯರು ಕೇಳಬಹುದು. ಇದ್ದವರು ಖಂಡಿತ ಬಳಸಲಿ. ಆದರೆ ಜುಲೈ ತಿಂಗಳ ಮಳೆಯಲ್ಲಿ ಜೇಬಿನ ಕಾಗದ ಒದ್ದೆಯಾದರೆ ಮುಗಿಯಿತು. ಸೊಂಟದ ಕತ್ತಿಗೆ ಆ ಭಯವಿಲ್ಲ.

ಹಾಗೆಂದು ಎಲ್ಲಕ್ಕೂ ಒಂದೇ ಕತ್ತಿ ಎಂದು ನಾವು ಹೇಳುವುದಿಲ್ಲ. ದ್ರಾವಣಕ್ಕೆ ಅದ್ದಿದ ಕತ್ತಿ ಅಡುಗೆಮನೆಗೆ ಹೋಗಬಾರದು. ತೋಟಕ್ಕೆ ಒಂದು, ಮನೆಗೆ ಒಂದು ಎಂದು ಎರಡು ಇರಲಿ. ಗುರುತಿಗೆ ತೋಟದ ಕತ್ತಿಯ ಹಿಡಿಗೆ ಕೆಂಪು ದಾರ ಸುತ್ತಿರಿ. ರೋಗದ ಗಿಡ ಕೊಯ್ದ ಕತ್ತಿಯನ್ನು ತೊಳೆದು ಒರೆಸದೆ ಒಳ್ಳೆಯ ಗಿಡಕ್ಕೆ ತಾಗಿಸಬೇಡಿ. ಉಪ್ಪಿನಕಾಯಿಯ ಮಾವು, ಹುಣಸೆ, ನಿಂಬೆಯಂಥ ಹುಳಿ ಪದಾರ್ಥಗಳಿಗೆ ಕಬ್ಬಿಣದ ಅಲಗು ಹೇಳಿದ್ದಲ್ಲ, ಕಪ್ಪಾಗುತ್ತದೆ. ಅಲ್ಲಿ ಸ್ಟೀಲಿನದೇ ಮೇಲು. ಡಬ್ಬಿಯ ಮುಚ್ಚಳ ಮೀಟಲು ತುದಿಯನ್ನು ಬಳಸಿದರೆ ತುದಿ ಮುರಿಯುತ್ತದೆ, ಮುರಿದ ಚೂರು ಕಣ್ಣಿಗೂ ಹಾರಬಹುದು.

ಆರೈಕೆ ಕಷ್ಟವಲ್ಲ. ಕೆಲಸವಾದ ಮೇಲೆ ತೊಳೆದು, ಒರೆಸಿ, ಒಂದು ತೊಟ್ಟು ತೆಂಗಿನೆಣ್ಣೆ ಸವರಿದರೆ ಸಾಕು. ಹಲಸು ಕೊಯ್ಯುವ ಮೊದಲು ಅದೇ ಎಣ್ಣೆ ಸವರಿದರೆ ಮೇಣ ಅಂಟುವುದಿಲ್ಲ. ಮಳೆಗಾಲದಲ್ಲಿ ಚರ್ಮದ ಒರೆ ತೇವ ಹೀರಿ ಅಲಗಿಗೆ ತುಕ್ಕು ಹಿಡಿಸುತ್ತದೆ. ಒಣಗಿದ ಅಡಿಕೆ ಹಾಳೆಯನ್ನು ಮಡಚಿ ಹೊಲಿದರೆ ಖರ್ಚಿಲ್ಲದ ಒರೆಯಾಯಿತು, ಹಳತಾದರೆ ಎಸೆದು ಬೇರೆ ಮಾಡಿಕೊಳ್ಳಬಹುದು. ಹದಿನೈದು ದಿನಕ್ಕೊಮ್ಮೆ ನೀರು ಹಾಕಿ ಕಲ್ಲಿನ ಮೇಲೆ ಮಸೆಯಿರಿ. ಮೊಂಡು ಕತ್ತಿಯೇ ಹೆಚ್ಚು ಅಪಾಯಕಾರಿ. ಅದಕ್ಕೆ ಬಲ ಹಾಕಬೇಕು, ಬಲ ಹಾಕಿದಾಗ ಜಾರುತ್ತದೆ. ಯಾವ ಕಾರಣಕ್ಕೂ ಅಲಗನ್ನು ಒಲೆಯ ಕೆಂಡದಲ್ಲಿ ಕಾಯಿಸಬೇಡಿ. ಕುಲುಮೆಯಲ್ಲಿ ಕೊಟ್ಟ ಹದ ಹೋದರೆ ಎಷ್ಟು ಮಸೆದರೂ ಬಾಯಿ ನಿಲ್ಲುವುದಿಲ್ಲ.

ಇಂಥ ಕತ್ತಿ ಎಲ್ಲಿ ಸಿಗುತ್ತದೆ ಎಂದು ಕೇಳಿದರೆ ಉತ್ತರ ಹೇಳಲು ನಮಗೆ ಸಂಕೋಚವಾಗುತ್ತದೆ. ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯಿಂದ ಒಳ್ಳೆಯ ಕತ್ತಿ ಬಡಿದು ಕೊಡುತ್ತಿದ್ದ ಆಚಾರಿಗಳ ಕುಲುಮೆಗಳು ಊರೂರಲ್ಲಿ ಆರುತ್ತಿವೆ. ಕೆಲಸವಿಲ್ಲದೆ ಅವರ ಮಕ್ಕಳು ಬೇರೆ ದಾರಿ ಹಿಡಿದಿದ್ದಾರೆ. ಇದರಲ್ಲಿ ನಮ್ಮ ತಪ್ಪೂ ಇದೆ. ವರ್ಷಕ್ಕೊಮ್ಮೆ ಹಿಡಿ ಹಾಕಿಸಲು ಹೋಗಿ, ಅದಕ್ಕೂ ಚೌಕಾಸಿ ಮಾಡಿದವರು ನಾವು. ಆದ್ದರಿಂದ ಸಹಕಾರ ಸಂಘಗಳಿಗೆ ನಮ್ಮ ಸಲಹೆ ಇಷ್ಟು: ಸದಸ್ಯರಿಂದ ಬೇಸಿಗೆಯಲ್ಲೇ ಹೆಸರು ಬರೆಸಿಕೊಂಡು, ಒಟ್ಟು ಬೇಡಿಕೆಯನ್ನು ಹತ್ತಿರದ ಆಚಾರಿಗೆ ಒಂದೇ ಸಲ ಕೊಡಲಿ. ಬೆಲೆಯನ್ನು ಅವರೇ ಹೇಳಲಿ. ಮೈಲುತುತ್ತಿನ ಜೊತೆಗೆ ಕತ್ತಿಯೂ ಸಂಘದ ಅಂಗಡಿಯಲ್ಲೇ ಸಿಗಲಿ. ಇನ್ನೂರು ಮನೆಗಳಿಗೆ ಎರಡೆರಡು ಕತ್ತಿ ಎಂದರೆ ಒಂದು ಕುಲುಮೆಗೆ ಕೆಲವು ತಿಂಗಳ ಬೆಂಕಿ.

ಆಯುಧ ಪೂಜೆಯ ದಿನ ಕತ್ತಿಗಳನ್ನು ಸಾಲಾಗಿ ಇಟ್ಟು ಕುಂಕುಮ ಹಚ್ಚುತ್ತೇವೆ. ಈ ಸಲ ಹಚ್ಚುವಾಗ ಆ ಸಾಲಿನ ತುದಿಯ ಸಣ್ಣ ಕತ್ತಿ ತುಕ್ಕು ಹಿಡಿದಿದೆಯೇ, ಬಾಯಿ ಇದೆಯೇ ಎಂದು ಒಮ್ಮೆ ನೋಡಿ. ಇಲ್ಲವೇ ಇಲ್ಲವಾದರೆ, ಮುಂದಿನ ಮಳೆಗೆ ಮೊದಲು ಒಂದು ಮಾಡಿಸಿಕೊಳ್ಳಿ ಎಂದು ನಮ್ಮ ವಿನಂತಿ.