ವಿಚ್ಛೇದನ: ಪಿಸುಮಾತು ಸಾಕು, ಮಾಹಿತಿ ಕೊಡೋಣ



ನಮ್ಮ ಧರ್ಮಕೇಂದ್ರಗಳಲ್ಲಿ ಮದುವೆಗೆ ಮುಂಚೆ ತರಬೇತಿ ಇದೆ. ರೋಸ್ ದಿನ ವಾಳೆಯವರೆಲ್ಲ ಸೇರುತ್ತೇವೆ. ಆದರೆ ಅದೇ ಮದುವೆ ಮುರಿಯುವ ಹಂತಕ್ಕೆ ಬಂದರೆ ನಮ್ಮಲ್ಲಿ ಸಿಗುವುದು ಎರಡೇ: ಎದುರಿಗೆ "ಸ್ವಲ್ಪ ಸಹಿಸಿಕೋ ಮಗಾ" ಎಂಬ ಬುದ್ಧಿಮಾತು, ಬೆನ್ನ ಹಿಂದೆ ಪಿಸುಮಾತು. ಇದು ಸಾಲದು ಎಂದು ಯುವಜನರಾದ ನಾವು ಹೇಳಲೇಬೇಕಾಗಿದೆ.

"ವಿಚ್ಛೇದನದ ಕಾನೂನು ಹೇಳಿಕೊಟ್ಟರೆ ಸಂಸಾರ ಒಡೆಯುತ್ತದೆ" ಎನ್ನುವವರಿದ್ದಾರೆ. ನಾವು ಒಪ್ಪುವುದಿಲ್ಲ. ವಿವಾಹ ಸಂಸ್ಕಾರ ಮುರಿಯಲಾಗದ ಬಂಧ ಎಂಬ ಬೋಧನೆಯಲ್ಲಿ ನಮಗೆ ವಿಶ್ವಾಸವಿದೆ. ರಾಜಿಯ ಪ್ರಯತ್ನ ಮೊದಲು ಆಗಲಿ. ಆದರೆ ಅದೇ ಧರ್ಮಸಭೆ ಇನ್ನೊಂದು ಮಾತನ್ನೂ ಹೇಳಿದೆ. ಸಂಗಾತಿಗೆ ಅಥವಾ ಮಕ್ಕಳಿಗೆ ಗಂಭೀರ ಅಪಾಯ ತರುವವರಿಂದ ಬೇರೆ ವಾಸಿಸಲು ಕ್ಯಾನನ್ ಕಾನೂನಿನ 1153ನೇ ವಿಧಿ ಅವಕಾಶ ಕೊಡುತ್ತದೆ. ಮಕ್ಕಳ ಪಾಲನೆ, ಕಾನೂನಿನ ಹಕ್ಕು, ಆಸ್ತಿ ಇವನ್ನು ಕಾಪಾಡಲು ಬೇರೆ ದಾರಿ ಇಲ್ಲದಿದ್ದರೆ ಸಿವಿಲ್ ವಿಚ್ಛೇದನ ಪಾಪವಾಗುವುದಿಲ್ಲ ಎಂದು ಕಥೋಲಿಕ ಧರ್ಮೋಪದೇಶ ಗ್ರಂಥದ 2383ನೇ ಪರಿಚ್ಛೇದ ತಿಳಿಸುತ್ತದೆ. ಪೆಟ್ಟು ತಿನ್ನುವ ಹೆಣ್ಣಿಗೆ "ನಿನ್ನ ಶಿಲುಬೆ ಹೊತ್ತುಕೋ" ಎನ್ನುವವರು ಮೊದಲು ಇವೆರಡನ್ನು ಓದಲಿ.

ಗೊತ್ತಿಲ್ಲದಿರುವುದರಿಂದ ಆಗುವ ಹಾನಿಗೆ ನಮ್ಮ ಪಕ್ಕದ ಊರಿನ ಉದಾಹರಣೆಯೇ ಇದೆ. ಧರ್ಮಸಭೆಯ ನ್ಯಾಯಪೀಠ ಒಂದು ಮದುವೆಯನ್ನು ಅನೂರ್ಜಿತ ಎಂದರೆ ಸರ್ಕಾರವೂ ಅದನ್ನು ಒಪ್ಪಬೇಕು ಎಂದು ಮಂಗಳೂರಿನ ವಕೀಲ ಕ್ಲಾರೆನ್ಸ್ ಪಾಯಸ್ ಸುಪ್ರೀಂ ಕೋರ್ಟಿಗೆ ಹೋಗಿದ್ದರು. 2017ರ ಜನವರಿಯಲ್ಲಿ ಅರ್ಜಿ ವಜಾ ಆಯಿತು. 1996ರಲ್ಲಿ ಮೋಲಿ ಜೋಸೆಫ್ ಪ್ರಕರಣದಲ್ಲೂ ಕೋರ್ಟು ಇದನ್ನೇ ಹೇಳಿತ್ತು. ಅಂದರೆ "ಇಗರ್ಜಿಯಲ್ಲಿ ಆಯಿತಲ್ಲ, ಇನ್ನೇನು?" ಎಂದು ಕೋರ್ಟಿನ ಆದೇಶ ಇಲ್ಲದೆ ಮರುಮದುವೆ ಆದವರ ಮೇಲೆ ದ್ವಿಪತ್ನಿತ್ವದ ಕೇಸು ಬೀಳಬಹುದು. ಕೋರ್ಟಿನಲ್ಲಿ ಮಾತ್ರ ವಿಚ್ಛೇದನ ಪಡೆದವರಿಗೆ, ಧರ್ಮಸಭೆಯ ತೀರ್ಪು ಬರುವ ತನಕ, ಇಗರ್ಜಿಯಲ್ಲಿ ಮರುಮದುವೆ ಇಲ್ಲ. ಬಾಗಿಲು ಎರಡು, ಎರಡನ್ನೂ ತಟ್ಟಬೇಕು. ಧರ್ಮಸಭೆಯ ಬಾಗಿಲನ್ನು ಪೋಪ್ ಫ್ರಾನ್ಸಿಸ್ 2015ರಲ್ಲಿ ಸಲೀಸು ಮಾಡಿದರು: ಎರಡನೇ ನ್ಯಾಯಪೀಠದ ದೃಢೀಕರಣ ಕಡ್ಡಾಯವಲ್ಲ, ಸಾಧ್ಯವಾದಷ್ಟು ಉಚಿತವಾಗಿ ನಡೆಯಲಿ ಎಂದರು.

ಇನ್ನೊಂದು ತಪ್ಪು ತಿಳುವಳಿಕೆ: ವಿಚ್ಛೇದನ ಆದವರು ಪರಮಪ್ರಸಾದ ಸ್ವೀಕರಿಸಬಾರದು ಎಂಬುದು. ಮರುಮದುವೆ ಆಗದೆ ಒಂಟಿಯಾಗಿರುವವರಿಗೆ ವಿಚ್ಛೇದನದ ಕಾರಣಕ್ಕೆ ಅಂಥ ತಡೆಯೇ ಇಲ್ಲ. ಅವರನ್ನು ಹಿಂದಿನ ಬೆಂಚಿಗೆ ತಳ್ಳುವುದು ನಮ್ಮ ಕಣ್ಣೋಟ, ಧರ್ಮಸಭೆಯ ನಿಯಮವಲ್ಲ.

ಕಾನೂನು ನಮಗಾಗಿ ಎಷ್ಟು ದೂರ ಬಂದಿದೆ ನೋಡಿ. ನಮಗೆ ಅನ್ವಯಿಸುವುದು 1869ರ ಕಾಯ್ದೆ. ಅದರಂತೆ ಹೆಂಡತಿಯ ವ್ಯಭಿಚಾರ ಒಂದೇ ಗಂಡನಿಗೆ ಸಾಕಿತ್ತು. ಹೆಂಡತಿಯಾದರೆ ಅದರ ಜೊತೆ ಕ್ರೌರ್ಯವನ್ನೋ ತೊರೆದು ಹೋದದ್ದನ್ನೋ ಸಾಬೀತು ಮಾಡಬೇಕಿತ್ತು. 1995ರಲ್ಲಿ ಕೇರಳ ಹೈಕೋರ್ಟು ಈ ತಾರತಮ್ಯವನ್ನು ರದ್ದು ಮಾಡಿತು. 2001ರ ತಿದ್ದುಪಡಿ ಇಬ್ಬರಿಗೂ ಒಂದೇ ಕಾರಣಗಳನ್ನು ಕೊಟ್ಟು, ಪರಸ್ಪರ ಒಪ್ಪಿಗೆಯ ವಿಚ್ಛೇದನವನ್ನೂ ತಂದಿತು. ಅದಕ್ಕೆ ಎರಡು ವರ್ಷ ಬೇರೆ ಇರಬೇಕೆಂಬ ಷರತ್ತನ್ನು 2010ರಲ್ಲಿ ಅದೇ ಹೈಕೋರ್ಟು ಒಂದು ವರ್ಷಕ್ಕೆ ಇಳಿಸಿತು. 2022ರ ಡಿಸೆಂಬರಿನಲ್ಲಿ ಆ ಒಂದು ವರ್ಷವೂ ಸಂವಿಧಾನಕ್ಕೆ ವಿರುದ್ಧ ಎಂದಿತು. ಕೋರ್ಟು ಇಷ್ಟು ನಡೆದರೂ ನಾವು "ಜನ ಏನು ಹೇಳುತ್ತಾರೆ" ಎಂಬಲ್ಲೇ ನಿಂತಿದ್ದೇವೆ.

ಅರ್ಜಿ ಹಾಕುವ ಮುಂಚೆ ಏನು ಮಾಡಬೇಕು?

1. ಜೀವಕ್ಕೆ ಅಪಾಯ ಇದ್ದರೆ ಮೊದಲು ಸುರಕ್ಷಿತ ಜಾಗ. ಮಹಿಳಾ ಸಹಾಯವಾಣಿ 181. "ಮನೆಯಿಂದ ಹೊರಗೆ ನಡೆ" ಎಂಬ ಬೆದರಿಕೆಗೆ ಹೆದರಬೇಡಿ. 2005ರ ಕೌಟುಂಬಿಕ ಹಿಂಸೆ ಕಾಯ್ದೆ ಹೆಣ್ಣಿಗೆ ಗಂಡನ ಮನೆಯಲ್ಲಿ ವಾಸದ ಹಕ್ಕು ಕೊಟ್ಟಿದೆ.

2. ಕಾಗದಪತ್ರ ಒಟ್ಟು ಮಾಡಿ. ಇಗರ್ಜಿಯ ವಿವಾಹ ಪ್ರಮಾಣಪತ್ರ, ಪಂಚಾಯತ್ ನೋಂದಣಿ, ಮಕ್ಕಳ ಜನನ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್, ಚಿನ್ನದ ಬಿಲ್ಲು, ಮದುವೆಯ ಫೋಟೊ, ಆಸ್ಪತ್ರೆ ಚೀಟಿ. ಗಂಡ ಗಲ್ಫಿನಲ್ಲಿದ್ದರೆ ಅವರ ಪಾಸ್‌ಪೋರ್ಟ್ ಪ್ರತಿ, ಕಂಪೆನಿಯ ವಿಳಾಸ ಬೇಕು. ಇಲ್ಲವಾದರೆ ನೋಟೀಸು ಮುಟ್ಟಿಸುವುದೇ ಕಷ್ಟ.

3. ಯಾವ ಊರಿನ ಕೋರ್ಟು ಎಂದು ವಿಚಾರಿಸಿ. ಮದುವೆ ನಡೆದ ಊರು ಅಥವಾ ಇಬ್ಬರೂ ಕೊನೆಗೆ ಒಟ್ಟಿಗಿದ್ದ ಊರು ಇಲ್ಲಿ ಮುಖ್ಯ. ನಮ್ಮಲ್ಲಿ ಸಂಬಂಧಗಳು ತಲಪಾಡಿಯ ಎರಡೂ ಕಡೆ ಇರುತ್ತವೆ. ಮೇಲೆ ಹೇಳಿದ 2010 ಮತ್ತು 2022ರ ತೀರ್ಪುಗಳು ಕೇರಳ ಹೈಕೋರ್ಟಿನವು ಎಂಬುದು ನೆನಪಿರಲಿ.

4. ಹಣವಿಲ್ಲ ಎಂದು ಕೈಚೆಲ್ಲಬೇಡಿ. 1987ರ ಕಾನೂನು ಸೇವೆಗಳ ಕಾಯ್ದೆಯಂತೆ ಮಹಿಳೆಯರಿಗೆ ಆದಾಯದ ಮಿತಿ ಇಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಗಂಡಸರಿಗೆ ಆದಾಯ ನೋಡಿ ಸಿಗುತ್ತದೆ. ಫೋನ್ 15100. ಕೇಸು ನಡೆಯುವಾಗಲೇ ಮಧ್ಯಂತರ ಜೀವನಾಂಶ ಕೇಳಬಹುದು.

5. ಓದಲು ಬಾರದ ಕಾಗದಕ್ಕೆ ಸಹಿ ಹಾಕಬೇಡಿ. ಕನ್ನಡ ಶಾಲೆಯಲ್ಲಿ ಕಲಿತ ನಮ್ಮಲ್ಲಿ ಹಲವರಿಗೆ ಮಲಯಾಳಂ ಮಾತಾಡಲು ಬಂದರೂ ಓದಲು ಬರುವುದಿಲ್ಲ. ಪ್ರತಿ ಸಾಲನ್ನೂ ಓದಿಸಿ, ಅರ್ಥ ಕೇಳಿ, ಪ್ರತಿ ಇಟ್ಟುಕೊಳ್ಳಿ.

6. ಮನಸ್ಸನ್ನೂ ಸಿದ್ಧಮಾಡಿ. ನಂಬುವ ಒಬ್ಬರಿಗಾದರೂ ಪೂರ್ತಿ ವಿಷಯ ಹೇಳಿ. ಮಕ್ಕಳನ್ನು ಅಪ್ಪ ಅಮ್ಮನ ನಡುವೆ ಸುದ್ದಿ ಒಯ್ಯುವವರನ್ನಾಗಿ ಮಾಡಬೇಡಿ. ಸಿಟ್ಟಿನಲ್ಲಿ ವಾಟ್ಸಾಪ್ ಸ್ಟೇಟಸ್ ಹಾಕಬೇಡಿ, ಅದು ನಾಳೆ ಕೋರ್ಟಿನಲ್ಲಿ ನಿಮ್ಮ ವಿರುದ್ಧವೇ ಬರಬಹುದು.

ಇದನ್ನೆಲ್ಲ ಸಂಕಟದಲ್ಲಿರುವವರು ಒಬ್ಬರೇ ಹುಡುಕಿಕೊಳ್ಳಬೇಕೇ? ನಮ್ಮ ಬೇಡಿಕೆ ಮೂರು. ಮದುವೆ ತರಬೇತಿಯಲ್ಲಿ ಒಂದು ಗಂಟೆ ವಕೀಲರಿಗೆ ಕೊಡಿ. ಇಗರ್ಜಿಯ ನೋಟೀಸು ಬೋರ್ಡಿನಲ್ಲಿ 181 ಮತ್ತು 15100 ಸದಾ ಇರಲಿ. ವಾಳೆಯ ಗುರಿಕಾರರು ರಾಜಿ ಮಾಡಿಸಲು ಹೋದಾಗ ಹೆಣ್ಣನ್ನು ಒಂಟಿಯಾಗಿ ಕೂರಿಸಿ ಒಪ್ಪಿಸುವ ಪದ್ಧತಿ ಇದ್ದಲ್ಲಿ ಅದು ನಿಲ್ಲಲಿ.

ಮದುವೆಯ ದಿನ ನಾವೆಲ್ಲ ಸಾಕ್ಷಿಗಳಾಗಿ ನಿಂತವರು. ಮನೆ ಉರಿಯುವಾಗ ನಮಗೆ ಸಂಬಂಧವಿಲ್ಲ ಎಂದು ಬಾಗಿಲು ಹಾಕಿಕೊಂಡರೆ ಆ ಸಾಕ್ಷಿಗೆ ಬೆಲೆಯೇನು?