ಡಯಲ್ ಹೊಳೀತಿದ್ರೆ ಜೇಬು ಗಟ್ಟಿಯಾಗಿ ಹಿಡ್ಕೊಳ್ಳಿ

(1/6)
ಹೋದ ವಾರ ಈ ವಾಚಿನ ಫೋಟೋ ಹಾಕಿದಾಗ "ಗುರು, ಎಲ್ಲಿ ತಗೊಂಡೆ, ಲಿಂಕ್ ಕಳ್ಸು" ಅಂತ ಎಷ್ಟೊಂದು ಜನ ಮೆಸೇಜ್ ಮಾಡಿದ್ರಿ. ಲಿಂಕ್ ಕಳ್ಸಲ್ಲ. ಯಾಕೆ ಅಂತ ಹೇಳ್ತೀನಿ, ಪೂರ್ತಿ ಓದಿ.

ಒಮೆಗಾ ಜಿನೀವ್, 1960ರ ದಶಕದ್ದು, "ನೂರಕ್ಕೆ ನೂರು ಒರಿಜಿನಲ್" ಅಂತ ಮಾರಿದವರು ಹೇಳಿದ್ರು. ಟ್ಯೂಷನ್ ಹೇಳಿ ಕೂಡಿಟ್ಟ 11,000 ರೂಪಾಯಿ ಕೊಟ್ಟೆ. ಆಮೇಲೆ ನಮ್ಮೂರಿನ ವಾಚ್ ರಿಪೇರಿ ಅಂಗಡಿಯವರು ಹಿಂದಿನ ಮುಚ್ಚಳ ತೆಗೆದು, ಭೂತಗನ್ನಡಿ ಕಣ್ಣಿಗಿಟ್ಟು ಹೇಳಿದ್ದು ಇಷ್ಟೇ: "ಮಷೀನ್ ಒಮೆಗಾನೇ ಕಣಪ್ಪ. ಮಿಕ್ಕಿದ್ದು ಯಾವುದೂ ಅಲ್ಲ."

(2/6)
ಇಂಥ ವಾಚಿಗೆ ಸಂಗ್ರಹ ಮಾಡೋರ ಮಧ್ಯೆ ಒಂದು ಹೆಸರೇ ಇದೆ: ಮುಂಬೈ ಸ್ಪೆಷಲ್. ಹಳೇ ಮಷೀನಿಗೆ ಎಲ್ಲಿಂದಲೋ ತಂದ ಕೇಸು ಹಾಕಿ, ಡಯಲಿಗೆ ಹೊಸದಾಗಿ ಬಣ್ಣ ಬಳಿದು, ಕಂಪನಿ ಹೆಸರು ಮತ್ತೆ ಅಚ್ಚು ಹಾಕಿರ್ತಾರೆ. ಅರವತ್ತು ವರ್ಷದ ವಾಚು ಮೊನ್ನೆ ಅಂಗಡಿಯಿಂದ ಬಂದ ಹಾಗೆ ಮಿಂಚುತ್ತೆ. ನಾವು ಬೀಳೋದು ಅಲ್ಲೇ. ಕಲೆ ಬಿದ್ದ, ಸ್ವಲ್ಪ ಹಳದಿಯಾದ ಡಯಲ್ ಕಂಡ್ರೆ "ಛೇ" ಅಂತೀವಿ. ಆ ಕಲೆನೇ ಅದರ ವಯಸ್ಸಿಗೆ ಸಾಕ್ಷಿ ಅಂತ ಯೋಚ್ನೆ ಮಾಡಲ್ಲ.

(3/6)
ದುಡ್ಡು ಕಳಿಸೋ ಮುಂಚೆ ಇಷ್ಟು ನೋಡಿ.

ಅಕ್ಷರ: ಫೋಟೋ ಹಿಗ್ಗಿಸಿ. ಕಾರ್ಖಾನೆಯ ಅಚ್ಚು ಚೂಪಾಗಿ, ಸಮವಾಗಿ ಇರುತ್ತೆ. ನನ್ನದ್ರಲ್ಲಿ ಒಮೆಗಾ ಗುರುತಿನ ಒಂದು ಕಾಲು ದಪ್ಪ, ಒಂದು ಸಣ್ಣ. ನಿಮಿಷದ ಗೆರೆಗಳೂ ಗಂಟೆಯ ಗುರುತಿಗೆ ನೇರವಾಗಿಲ್ಲ.

ಹೊಳಪು: ಡಯಲ್ ಕೆಳಗೆ ಸ್ವಿಸ್ ಮೇಡ್ ಪಕ್ಕ ಟಿ ಅಕ್ಷರ ಇದ್ರೆ ಟ್ರಿಟಿಯಂ ಬಳಸಿದ್ದಾರೆ ಅಂತ ಅರ್ಥ. ಅದರ ಶಕ್ತಿ ಸುಮಾರು 12 ವರ್ಷಕ್ಕೆ ಅರ್ಧ ಆಗುತ್ತೆ. 1960ರ ದಶಕದ್ದು ಅಂತ ಹೇಳೋ ವಾಚು ಕತ್ತಲೆಯಲ್ಲಿ ಇವತ್ತೂ ಜೋರಾಗಿ ಹೊಳೆದ್ರೆ, ಆ ಬಣ್ಣ ಇತ್ತೀಚಿನದು.

ಮುಚ್ಚಳದ ಒಳಗೆ: ಆ ಕಾಲದ ಸ್ಟೀಲ್ ಒಮೆಗಾದಲ್ಲಿ ಕಂಪನಿ ಹೆಸರು, ಕೇಸಿನ ನಂಬರ್ ಒಳಗಡೆ ಕೆತ್ತಿರುತ್ತೆ. ಮಷೀನ್ ಮೇಲೆ ಅದರದ್ದೇ ನಂಬರ್ ಇರುತ್ತೆ. ಎರಡೂ ಒಂದೇ ಕಾಲದ್ದಾ ಅಂತ ತಾಳೆ ನೋಡಿ. ನನ್ನ ಮುಚ್ಚಳದ ಒಳಗೆ ಒಂದಕ್ಷರ ಇರ್ಲಿಲ್ಲ.

ಚಿನ್ನ: ಮೈಕ್ರಾನ್ ಅಂತ ಬರೆದಿದ್ರೆ ಅದು ಲೇಪನ. 18 ಕ್ಯಾರೆಟ್ ಗಟ್ಟಿ ಚಿನ್ನ ಆದ್ರೆ 750 ಅಥವಾ 18ಕೆ ಮುದ್ರೆ ಇರಬೇಕು.

ಮುಚ್ಚಳ ತೆಗೆದ ಫೋಟೋ ಕೇಳಿದಾಗ "ಟೈಮ್ ಇಲ್ಲ, ಬೇರೆ ಪಾರ್ಟಿ ಕಾಯ್ತಿದ್ದಾರೆ" ಅಂದ್ರೆ, ಆ ಪಾರ್ಟಿಗೇ ಬಿಟ್ಬಿಡಿ.

(4/6)
"ಸ್ವಿಸ್ ಬೇಡ, ಎಚ್‌ಎಂಟಿ ತಗೋತೀನಿ, ಅದು ಸೇಫ್" ಅಂತ ಕೆಲವರು ಹೇಳ್ತೀರಿ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ ನಮ್ಮ ಬೆಂಗಳೂರಲ್ಲಿ ಶುರುವಾದ ವಾಚು, ನನಗೂ ಪ್ರೀತಿನೇ. ಆದ್ರೆ ಇದೇ ಆಟ ಅದರ ಮೇಲೂ ನಡೀತಿದೆ. ಜನತಾ, ಪೈಲಟ್ ಡಯಲಿಗೆಲ್ಲ ಹೊಸ ಹೊಸ ಬಣ್ಣ ಬಳಿದು "ಅಪರೂಪದ ಪೀಸ್" ಅಂತ ಮಾರ್ತಾರೆ. ಹೆಸರು ನೋಡಿ ಸಮಾಧಾನ ಆಗ್ಬೇಡಿ. ಮೇಲೆ ಹೇಳಿದ ಪರೀಕ್ಷೆ ಇಲ್ಲೂ ಮಾಡಿ.

(5/6)
ಈಗ ನಿಮ್ಮ ವಾದಕ್ಕೆ ಬರ್ತೀನಿ. "ಹಳೇ ಡಯಲಿಗೆ ಬಣ್ಣ ಹೊಡೆದ್ರೆ ತಪ್ಪೇನು? ನೋಡೋಕೆ ಚೆನ್ನಾಗಿದೆ, ಯಾರಿಗೆ ಗೊತ್ತಾಗುತ್ತೆ?"

ಬಣ್ಣ ಹೊಡೆಯೋದು ತಪ್ಪಲ್ಲ. ಹೇಳಿ ಮಾರಿ, ಅದಕ್ಕೆ ತಕ್ಕ ಬೆಲೆ ಹೇಳಿ, ನನ್ನ ತಕರಾರಿಲ್ಲ. ಮುಚ್ಚಿಟ್ಟು ಒರಿಜಿನಲ್ ಬೆಲೆ ಕೀಳೋದು ತಪ್ಪು. ಬಿಸಿನೆಸ್ ಲಾ ಕ್ಲಾಸಲ್ಲಿ "ಕೊಳ್ಳುವವನೇ ಎಚ್ಚರವಾಗಿರಬೇಕು" ಅನ್ನೋದನ್ನ ಮಾತ್ರ ನೆನಪಿಟ್ಕೊಂಡಿದ್ದೀವಿ. ಅದು 1930ರ ಸರಕು ಮಾರಾಟ ಕಾಯ್ದೆಯ 16ನೇ ಸೆಕ್ಷನ್. ಅದಕ್ಕಿಂತ ಒಂದು ಹೆಜ್ಜೆ ಹಿಂದೆ 15ನೇದು ಇದೆ: ವಿವರಣೆ ಕೊಟ್ಟು ಮಾರಿದ ಸರಕು ಆ ವಿವರಣೆಗೆ ಹೊಂದಬೇಕು. "ಒರಿಜಿನಲ್" ಅನ್ನೋದೂ ವಿವರಣೆನೇ. ಅದಕ್ಕೇ ಮಾರೋರು ಬಾಯಲ್ಲಿ ಹೇಳಿದ್ದನ್ನ ಮೆಸೇಜಲ್ಲಿ ಬರೆಸ್ಕೊಳ್ಳಿ, ಸ್ಕ್ರೀನ್‌ಶಾಟ್ ಇಟ್ಕೊಳ್ಳಿ, ಬಿಲ್ ಕೇಳಿ. ನಾನು ಫೋನಲ್ಲಿ ಮಾತಾಡಿ ದುಡ್ಡು ಕಳಿಸ್ದೆ. ನನ್ನ ಹತ್ರ ಈಗ ತೋರ್ಸೋಕೆ ಏನೂ ಇಲ್ಲ.

(6/6)
ಕೊನೇ ಮಾತು, ಹೇಳೋಕೆ ಸ್ವಲ್ಪ ನಾಚಿಕೆ ಆಗುತ್ತೆ. ಮೆಸೇಜ್ ಮಾಡಿದವರಲ್ಲಿ ಒಬ್ಬರು "13,000 ಕೊಡ್ತೀನಿ, ಕೊಟ್ಬಿಡು" ಅಂದ್ರು. ರಿಪೇರಿ ಅಂಗಡಿಗೆ ಹೋಗಿ ಬಂದಿದ್ದು ಅದರ ಹಿಂದಿನ ದಿನ. ಸುಮ್ನೆ ಹೂಂ ಅಂದಿದ್ರೆ ನನ್ನ ನಷ್ಟ ಹೋಗಿ 2,000 ಲಾಭ. ಒಂದು ರಾತ್ರಿ ಪೂರ್ತಿ ಯೋಚ್ನೆ ಮಾಡ್ದೆ. ನನಗೆ ಮಾರಿದವನೂ ಹೀಗೇ ಮೋಸ ಹೋಗಿ, ಹೀಗೇ ಯೋಚ್ನೆ ಮಾಡಿ, ಹೂಂ ಅಂದಿರಬಹುದು.

ಬೆಳಿಗ್ಗೆ ಅವರಿಗೆ ಮುಚ್ಚಳ ತೆಗೆದ ಫೋಟೋ ಕಳಿಸ್ದೆ. ಥ್ಯಾಂಕ್ಸ್ ಅಂದ್ರು, ವ್ಯಾಪಾರ ಮುರೀತು.

ವಾಚು ನನ್ನ ಹತ್ರಾನೇ ಇದೆ. ಟೈಮ್ ಸರಿಯಾಗೇ ತೋರ್ಸುತ್ತೆ. ನೀವೂ ಇಂಥದ್ದು ತಗೊಂಡು ಸಿಕ್ಕಾಕೊಂಡಿದ್ರೆ ನಾಚ್ಕೋಬೇಡಿ, ಕಾಮೆಂಟಲ್ಲಿ ಹೇಳಿ. ಇನ್ನೊಬ್ಬರ ತಲೆಗೆ ಮಾತ್ರ ಕಟ್ಟಬೇಡಿ.

#ಹಳೇವಾಚ್ #ಮುಚ್ಚಳತೆಗೆದುತೋರ್ಸಿ