ಸಾಸಿವೆ ಡಬ್ಬಿಯ ದುಡ್ಡು

ಏನ್ರೀ, ಮಧ್ಯಾಹ್ನದ ಕೆಲಸ ಮುಗೀತಾ? ಹಾಗಾದರೆ ಐದು ನಿಮಿಷ ಕೂತ್ಕೊಳ್ಳಿ. ನಿಮ್ಮ ಸಾಸಿವೆ ಡಬ್ಬಿಯಲ್ಲಿ ಎಷ್ಟಿದೆ ಅಂತ ನಾನು ಕೇಳೋದಿಲ್ಲ. ಅಂಥ ದುಡ್ಡು ಏನು ಮಾಡಬಲ್ಲದು ಅನ್ನೋದಕ್ಕೆ ಅಮೆರಿಕದ ಒಬ್ಬ ಲ್ಯಾಟಿನ್ ಟೀಚರಮ್ಮನ ಕಥೆ ಹೇಳ್ತೀನಿ.

ಫ್ಯಾನಿ ಜಾಕ್ಸನ್ 1837ರಲ್ಲಿ ವಾಷಿಂಗ್ಟನ್ನಿನಲ್ಲಿ ಗುಲಾಮಳಾಗಿಯೇ ಹುಟ್ಟಿದಳು. ಕಪ್ಪು ಜನರನ್ನು ದನಕರುಗಳ ಹಾಗೆ ಮಾರುತ್ತಿದ್ದ ಕಾಲ. ಅವಳ ತಾಯಿಯ ಒಡಹುಟ್ಟಿದ ಸಾರಾಗೆ ತಿಂಗಳಿಗೆ 6 ಡಾಲರ್ ಸಂಬಳ. ಅದರಲ್ಲೇ ಉಳಿಸಿ, 125 ಡಾಲರ್ ಕೊಟ್ಟು ಹುಡುಗಿಯನ್ನು ಬಿಡಿಸಿದಳು. ಲೆಕ್ಕ ಹಾಕಿ ನೋಡಿ, ಒಂದು ಕಾಸೂ ಖರ್ಚು ಮಾಡದಿದ್ದರೂ ಅದು ಸುಮಾರು ಇಪ್ಪತ್ತೊಂದು ತಿಂಗಳ ದುಡಿಮೆ!

ಫ್ಯಾನಿ ನ್ಯೂಪೋರ್ಟಿನಲ್ಲಿ ಮನೆಗೆಲಸಕ್ಕೆ ನಿಂತು, ಆ ಸಂಬಳದಲ್ಲೇ ಮೇಷ್ಟರನ್ನಿಟ್ಟು ಪಾಠ ಹೇಳಿಸಿಕೊಂಡಳು. 1860ರಲ್ಲಿ ಓಬರ್ಲಿನ್ ಕಾಲೇಜು ಸೇರಿದಳು. ಆಗಲೂ ಸಾರಾ ಕೈಬಿಡಲಿಲ್ಲ. ಅಲ್ಲಿ ಹೆಂಗಸರಿಗೆಂದೇ ಒಂದು ಹಗುರವಾದ ಪಾಠಕ್ರಮವಿತ್ತು. ಫ್ಯಾನಿ ಅದನ್ನು ಬಿಟ್ಟು, ಲ್ಯಾಟಿನ್, ಗ್ರೀಕ್, ಗಣಿತವಿದ್ದ ಗಂಡಸರ ಪಾಠಕ್ರಮವನ್ನೇ ಹಿಡಿದಳು. ಸಂಜೆ ಹೊತ್ತು, ಬಿಡುಗಡೆಯಾಗಿ ಬಂದ ಗುಲಾಮರಿಗೆ ತಾನೇ ಅಕ್ಷರ ಕಲಿಸಿದಳು.

ಓದುತ್ತಿರುವಾಗಲೇ ಕಾಲೇಜಿನವರು ಅವಳಿಗೆ ಒಂದು ತರಗತಿ ಒಪ್ಪಿಸಿದರು. ವಿದ್ಯಾರ್ಥಿಗಳು ತಿರುಗಿಬಿದ್ದರೆ ನಾವು ಒತ್ತಾಯ ಮಾಡೋದಿಲ್ಲ ಅಂತ ಮೊದಲೇ ಹೇಳಿದ್ದರು. ತಿರುಗಿಬೀಳೋದಿರಲಿ, ಸೇರುವವರು ಹೆಚ್ಚಾಗಿ ತರಗತಿಯನ್ನೇ ಎರಡು ಮಾಡಬೇಕಾಯಿತು!

1865ರಲ್ಲಿ ಪದವಿ ಪಡೆದು ಫಿಲಡೆಲ್ಫಿಯಾಕ್ಕೆ ಬಂದ ಆಕೆ, ಕಪ್ಪು ಮಕ್ಕಳ ವಿದ್ಯಾಸಂಸ್ಥೆಯೊಂದರಲ್ಲಿ ಲ್ಯಾಟಿನ್, ಗ್ರೀಕ್, ಗಣಿತ ಕಲಿಸಿದರು. ಇವರ ತಲೆಗೆ ಇಂಥ ವಿದ್ಯೆ ಹತ್ತೋದಿಲ್ಲ ಅನ್ನುತ್ತಿದ್ದವರಿಗೆ ಆ ಮಕ್ಕಳೇ ಉತ್ತರವಾದರು. 1869ರಲ್ಲಿ ಆಕೆಯೇ ಮುಖ್ಯಸ್ಥೆ. 1881ರಲ್ಲಿ ಲೆವಿ ಕಾಪಿನ್ ಅವರನ್ನು ಮದುವೆಯಾದ ಮೇಲೂ ಕೆಲಸ ಬಿಡಲಿಲ್ಲ. 1889ರಲ್ಲಿ ಕಸುಬು ಕಲಿಸುವ ವಿಭಾಗವನ್ನೂ ತೆರೆಸಿದರು. 1902ರವರೆಗೆ ಸಂಸ್ಥೆಯನ್ನು ನಡೆಸಿದರು. ಬಾಲ್ಟಿಮೋರಿನ ಕಾಪಿನ್ ವಿಶ್ವವಿದ್ಯಾಲಯಕ್ಕೆ ಇಟ್ಟಿರುವುದು ಆಕೆಯ ಹೆಸರನ್ನೇ. ಆ ಹೆಸರು ಕಂಡಾಗಲೆಲ್ಲ ನನಗೆ ನೆನಪಾಗೋದು ಮಾತ್ರ ಸಾರಾಳ 125 ಡಾಲರು.

ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಮುಂದೆ ಓದಿಸಿ ಅಂತ ಕೇಳೋ ಧೈರ್ಯ ನನಗಿರಲಿಲ್ಲ, ನನ್ನ ಪರವಾಗಿ ಕೇಳೋರೂ ಇರಲಿಲ್ಲ. ನನ್ನ ತಂಗಿ ಮಗಳು ಪಿಯುಸಿ ಮುಗಿಸಿದ್ದಾಳೆ, “ಇನ್ನು ಸಾಕು” ಅಂತಾರೆ ಅವರ ಮನೇಲಿ. ಎರಡು ಬಳೆಗೆ ಅಂತ ಕೂಡಿಟ್ಟಿದ್ದೆ. ಮೊನ್ನೆ ಡಬ್ಬಿ ಸುರಿದು ಎಣಿಸಿದೆ. ಮೊದಲ ವರ್ಷದ ಫೀಸಿಗೆ ಸಾಕಾಗುತ್ತೆ ಕಣ್ರೀ.

ಬಳೆ ಇನ್ನೊಂದು ಸಲ ಮಾಡಿಸಿದರಾಯಿತು. ನಿಮ್ಮ ಡಬ್ಬೀನೂ ಒಂದ್ಸಲ ಎಣಿಸಿ ನೋಡಿ.